ದೋಣಿ ಸೇವೆ

ಸ್ಟೀಲ್ ತಟ್ಟೆ ನೆಲಕ್ಕೆ ತಾಗಿದ ಸದ್ದಿಗೇ ನಾಯಿ ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡಿತು. ತಟ್ಟೆಯಲ್ಲಿ ಹಾಲು ಹಾಕಿ ಕಿವುಚಿದ ಮುದ್ದೆಯಿತ್ತು. ನಾಯಿ ಅದನ್ನು ನೋಡಲಿಲ್ಲ. ತಟ್ಟೆ ಇಟ್ಟ ರೇವಣಸಿದ್ದಪ್ಪನ ಕೈಯನ್ನೇ ನೋಡುತ್ತಾ ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು.

"ಇವತ್ತೂ ಹಂಗೇನಾ?" ಒಳಗಿನಿಂದ ಹೆಂಡತಿ ಬರಗೇರಮ್ಮ ಕೇಳಿದಳು.

"ಹಂಗೇ."

"ಕುರಿ ಹಿಕ್ಕೆ ಬಳಿಯೋದು ಸಾಲ್ದು ಅಂತ ಇದೊಂದು ತಂದು ಇಕ್ಕಿದ್ರಿ." ಹಾಗೆ ಅಂದವಳೇ ಬಟ್ಟೆ ತಂದು ನೆಲ ಒರೆಸಿದಳು. ಒದ್ದೆಯಾದ ಗೋಣಿಚೀಲ ಎಳೆದು, ಬಿಸಿಲಿಗೆ ಒಣಗಿದ್ದ ಇನ್ನೊಂದನ್ನು ಹಾಸಿದಳು.

ಆದಿವಾಲದ ಆಚೆ, ಹೈವೇ ಬದಿಯ ಡಾಬಾ ಒಂದರ ಹಿಂದೆ ಆ ನಾಯಿಯನ್ನು ತಂತಿಯಿಂದ ಕಟ್ಟಿದ್ದರು. ತಟ್ಟೆ ಮುಂದಿಡುವುದು, ಬಾಯಿ ಹಾಕಿದ ಕೂಡಲೇ ಬಿಸಿನೀರು ಎರಚುವುದು, ಅದು ಎಗರಾಡುವುದನ್ನು ಕಂಡು ನಗುವುದು. ಅಲ್ಲಿ ಕೂರುವವರಿಗೆ ಅದೊಂದು ಮೋಜು. ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಬಂದ ರೇವಣಸಿದ್ದಪ್ಪ ಯಾರನ್ನೂ ಕೇಳದೆ ತಂತಿ ಬಿಚ್ಚಿ, ನಾಯಿಯನ್ನು ಕಂಬಳಿಯಲ್ಲಿ ಸುತ್ತಿ, ಹೆಗಲಿಗೆ ಹಾಕಿಕೊಂಡು ಬಂದಿದ್ದ. ದನದ ಆಸ್ಪತ್ರೆಯ ಡಾಕ್ಟರ್ ಕಾವ್ಯಶ್ರೀ ಮನೆಗೇ ಬಂದು ಕುತ್ತಿಗೆಗೆ ಹೊಲಿಗೆ ಹಾಕಿದ್ದಳು. ಡ್ಯೂಟಿ ಮುಗಿಸಿ ಹೋಗುವಾಗಲೆಲ್ಲ ನಿಂತು ಗ್ಲೂಕೋಸ್ ಏರಿಸುತ್ತಿದ್ದಳು. ಅವತ್ತೂ ಬಂದು ನಾಯಿಯ ದವಡೆ ಒತ್ತಿ ನೋಡಿದಳು.

"ಹಲ್ಲು, ದವಡೆ ಎಲ್ಲಾ ಸರಿಯಾಗವೆ ಅಜ್ಜ. ಗಾಯನೂ ಮಾಯ್ತಾ ಐತೆ. ಆದ್ರೆ ಬಾಟ್ಲಿ ನೀರಲ್ಲಿ ಎಷ್ಟು ದಿನ ಅಂತ ಬದುಕ್ತದೆ? ತಾನಾಗೇ ಬಾಯಿ ಹಾಕ್ಬೇಕು. ಇಲ್ಲಾಂದ್ರೆ ಈ ವಾರ ದಾಟೋದು ಕಷ್ಟ."

"ಬಾಯಿ ಬಿಡಿಸಿ ಹುಯ್ದ್ರೆ ಮೇಡಮ್ಮಾರೆ?"

"ನಿನ್ನೆ ಹುಯ್ದಾಗ ನೋಡಿದ್ರಲ್ಲ, ಅಷ್ಟನ್ನೂ ಕಕ್ತು. ಕೈ ಹತ್ರ ಬಂದ್ರೆ ಅದಕ್ಕೆ ಜೀವ ಹೋದಂಗೆ ಆಗ್ತದೆ."

ಅವಳು ಹೋದ ಮೇಲೆ ರೇವಣಸಿದ್ದಪ್ಪ ತನ್ನ ಕೈಗಳನ್ನು ತಾನೇ ತಿರುಗಿಸಿ ನೋಡಿಕೊಂಡ. ಎಷ್ಟೋ ಮರಿಗಳನ್ನು ತಾಯ ಹೊಟ್ಟೆಯಿಂದ ಎಳೆದು ಉಳಿಸಿದ ಕೈಗಳು. ಈ ಜೀವಕ್ಕೆ ಅವೇ ಬೇಡವಾಗಿದ್ದವು.

ಅವತ್ತು ಭಾನುವಾರ, ಮೈಲಾರಲಿಂಗನ ವಾರ. ರೇವಣಸಿದ್ದಪ್ಪ ದೀಕ್ಷೆ ಪಡೆದ ಗೊರವ. ದೇವರ ಗೂಡಿನ ಮುಂದೆ ಕೈಮುಗಿದು ಕೂತವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ದೇವರ ದೋಣಿಯನ್ನು ಎತ್ತಿಕೊಂಡಿದ್ದ. ಮರದ ಅಗಲವಾದ ಬೋಗುಣಿ ಅದು. ಹರಕೆ ಹೊತ್ತವರು ಅದಕ್ಕೆ ಹಾಲು, ಬಾಳೆಹಣ್ಣು, ಬೆಲ್ಲ ತುಂಬಿ ಕಂಬಳಿಯ ಮೇಲೆ ಇಡುತ್ತಾರೆ. ಗೊರವರು ಮೈಲಾರನ ನಾಯಿಗಳಾಗಿ ಮಂಡಿಯೂರಿ, ಬೊಗಳುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ ತಿನ್ನುತ್ತಾರೆ. ಅದೇ ದೋಣಿ ಸೇವೆ. ಬಾಯಿಯಿಂದಲೇ ತಿನ್ನಬೇಕು, ಕೈ ಹಚ್ಚುವಂತಿಲ್ಲ.

"ಅದ್ಯಾಕೆ ತಗಂಡ್ರಿ?" ಬರಗೇರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹಾಲು ಹಾಕು. ಬಾಳೆಹಣ್ಣು ಇದ್ರೆ ಕಿವುಚು."

"ಯಾರ ಹರಕೆ?"

"ನಂದೇ ಅನ್ಕ."

ಅವಳ ಕಣ್ಣು ಗೋಡೆ ಮೂಲೆಗೆ ಹೋಗಿ ಬಂತು. "ರೀ, ನಿಮ್ಮಪ್ಪನ ಕಾಲದ ದೋಣಿ ಅದು. ಬೀದಿ ನಾಯಿ ಬಾಯಿ ಹಾಕಿದ್ರೆ ಮತ್ತೆ ಗುಡಿ ತಾವ ಒಯ್ಯಾಕೆ ಆಗಲ್ಲ. ನಾಳೆ ಉಳಿದ ಗೊರವರು ಕೇಳಿದ್ರೆ ಏನಂತೀರಿ?"

"ಕೇಳಿದಾಗ ಹೇಳಾಣ."

"ಸೇವೆಗೆ ಸೇರಿಸದೆ ಹೊರಗೆ ನಿಲ್ಲಿಸಿದ್ರೆ?"

"ಹೊರಗೇ ನಿಲ್ತೀನಿ ಕಣೆ. ಹಾಲು ಹಾಕು."

ಬರಗೇರಮ್ಮ ಒಳಗೆ ಹೋದಳು. ಹಾಲು, ಹಣ್ಣಿನ ಜೊತೆಗೆ ಅವನು ಕೇಳದಿದ್ದ ಬೆಲ್ಲವನ್ನೂ ತಂದಳು. "ಬೆಲ್ಲ ಇಲ್ದಲೆ ದೋಣಿ ತುಂಬಬಾರ್ದು," ಎಂದು ಗೊಣಗುತ್ತಾ ತಾನೇ ಪುಡಿ ಮಾಡಿ ಹಾಕಿದಳು.

ರೇವಣಸಿದ್ದಪ್ಪ ಕಂಬಳಿ ಹಾಸಿ, ದೋಣಿ ಇಟ್ಟು, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡ. ನಾಯಿಯತ್ತ ನೋಡಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮಂಡಿಯೂರಿ, ಹಾಲಿಗೆ ಬಾಯಿ ಹಚ್ಚಿದ. ಅವತ್ತು ಬೊಗಳಲಿಲ್ಲ. ಲೊಚಲೊಚ ಎಂದು ನೆಕ್ಕುವ ಸದ್ದೊಂದೇ. ಮುದುಕನ ಮಂಡಿ ನೋಯುತ್ತಿತ್ತು, ಗಡ್ಡದ ತುಂಬ ಹಾಲಾಗಿತ್ತು. ಆದರೂ ತಲೆ ಎತ್ತಲಿಲ್ಲ.

ನಾಯಿಯ ಕಿವಿ ನಿಮಿರಿತು. ಅದು ಮೊದಲು ಕೈಗಳನ್ನು ಹುಡುಕಿತು. ಅವು ಬೆನ್ನ ಮೇಲೆ ಒಂದನ್ನೊಂದು ಹಿಡಿದುಕೊಂಡು ಸುಮ್ಮನಿದ್ದವು. ಹೊಟ್ಟೆ ಎಳೆಯುತ್ತಾ ಒಂದಿಷ್ಟು ಮುಂದೆ ಬಂತು, ನಿಂತಿತು, ಮತ್ತೆ ಬಂತು. ಬಾಗಿಲಲ್ಲಿದ್ದ ಬರಗೇರಮ್ಮ ಬಳೆ ಸದ್ದಾದೀತೆಂದು ಕೈ ಮಡಚಿ ಹಿಡಿದಳು. ಸುಟ್ಟು ಬಿಳಿಚಿದ ಆ ಮೂತಿ ದೋಣಿಯ ಅಂಚಿಗೆ ತಾಗಿತು. ನಾಲಿಗೆ ಹೊರಬಂತು, ಒಳಗೆ ಹೋಯಿತು, ಮತ್ತೆ ಬಂತು. ಆಮೇಲೆ ಇಬ್ಬರೂ ಒಂದೇ ದೋಣಿಯಲ್ಲಿ, ತಲೆಗೆ ತಲೆ ತಾಗಿಸಿಕೊಂಡು ತಿಂದರು.

ಹಾಲು ಮುಗಿದು ದೋಣಿಯ ತಳ ಕಂಡಾಗ ಹಣ್ಣಿನ ಒಂದು ತುಣುಕು ಉಳಿದಿತ್ತು. ರೇವಣಸಿದ್ದಪ್ಪ ಅಭ್ಯಾಸಬಲದಿಂದ ಅದಕ್ಕೆ ಬಾಯಿ ಚಾಚಿದ. ನಾಯಿಯ ತುಟಿ ಮೇಲೆದ್ದಿತು. ಎದೆಯೊಳಗಿನಿಂದ "ಗುರ್‌ರ್" ಎಂದಿತು. ಆ ಮನೆಗೆ ಬಂದ ಮೇಲೆ ಅದು ಹೊರಡಿಸಿದ ಮೊದಲ ದನಿ.

ಸೇವೆಯಲ್ಲಿ ಎಂದೂ ಯಾರಿಗೂ ದೋಣಿ ಬಿಟ್ಟುಕೊಡದ ಗೊರವ, ಕೈ ಬಿಚ್ಚದೆ, ಮಂಡಿಯ ಮೇಲೆಯೇ ಹಿಂದಕ್ಕೆ ಸರಿದ. ಮೀಸೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು.

"ಇನ್ನ ಏಳ್ರಿ," ಬರಗೇರಮ್ಮ ಮೆಲ್ಲಗೆ ಅಂದಳು. "ದೋಣಿ ಯಾರ್ದೋ, ಅವ್ರೇ ಬಂದವ್ರೆ."