ಸಮುದ್ರದ ಪಾಳಿ

ಹನ್ನೊಂದು ವರ್ಷಕ್ಕೊಮ್ಮೆ ಬರುವ ಸಮುದ್ರದ ಪಾಳಿ ಈ ಭಾನುವಾರ ಬಯಲುಸೀಮೆಯ ಗಜೇಂದ್ರಗಡದ್ದಾಗಿತ್ತು. ಬೆಳಗಾಗುವಷ್ಟರಲ್ಲಿ ಅಲೆಗಳು ಗುಡ್ಡದ ಬುಡಕ್ಕೆ ಬಂದು ನಿಂತಿದ್ದವು. ಮರಳು, ತೆಂಗಿನ ಮರ, ರೆಸಾರ್ಟಿನ ಆರಾಮಕುರ್ಚಿ ಎಲ್ಲವನ್ನೂ ಜೊತೆಗೇ ತಂದಿದ್ದವು. ಸಂಕವ್ವನ ಮಗ, ಸೊಸೆ ಎಳನೀರು ಹೀರುತ್ತ ಕಾಲು ಚಾಚಿದ್ದರು. ಮೊಮ್ಮಗಳು ಒಂದು ಪುಟ್ಟ ಏಡಿಯ ಬೆನ್ನು ಹತ್ತಿದ್ದಳು. ಸಂಕವ್ವ ಮಾತ್ರ ಸೆರಗು ಸಿಕ್ಕಿಸಿ, ಮನೆಯಿಂದ ತಂದ ಕೊಡಗಳನ್ನೆಲ್ಲ ತುಂಬಿ, ಕೊನೆಗೆ ಖಾಲಿಯಾದ ರೊಟ್ಟಿ ಡಬ್ಬಿಯನ್ನೂ ಅಲೆಗೆ ಒಡ್ಡಿದಳು.

“ಅತ್ತೀ, ಉಪ್ಪುನೀರ ತುಂಬಿ ಏನ್ ಮಾಡ್ತೀರಿ? ಬಂದು ಕುಂದರ್ರಿ,” ಎಂದು ಸೊಸೆ ನಕ್ಕಳು.

“ನೀರು ಬಂದಾಗ ತುಂಬಿಟ್ಕೋಬೇಕವ್ವ. ಮತ್ತ ಯಾವಾಗ ಬರ್ತದೋ!”

ಸಂಜೆ ಐದಕ್ಕೆ ಪಾಳಿ ಮುಗಿದ ಸೀಟಿ ಕೇಳಿಸಿತು. ಸಮುದ್ರ ಎದ್ದು ಮುಂದಿನ ಊರಿಗೆ ಹೊರಟಿತು. ಏಡಿಯೂ ಹೋಯಿತೆಂದು ಮೊಮ್ಮಗಳು ದಾರಿಯುದ್ದಕ್ಕೂ ಅತ್ತಳು.

ಮನೆಯಲ್ಲಿ ಸಂಕವ್ವ ಕೊಡಗಳನ್ನೆಲ್ಲ ಅಂಗಳದ ತೊಟ್ಟಿಗೆ ಸುರಿದಳು. ರೊಟ್ಟಿ ಡಬ್ಬಿಯನ್ನು ಬೋರಲು ಹಾಕಿದ್ದೇ ತಡ, ಏಡಿ ದುಬುಕ್ಕನೆ ಬಿತ್ತು. ನೀರು ಒಮ್ಮೆ ಹಿಂದೆ ಸರಿದು, ಬೆನ್ನುಬ್ಬಿಸಿ, ಮೊಣಕಾಲೆತ್ತರದ ಅಲೆಯಾಗಿ ಬಂದು ಅಂಚಿಗೆ ಬಡಿಯಿತು. ಮೊಮ್ಮಗಳು ಕೇಕೆ ಹಾಕುತ್ತ ಒಳಗೆ ಜಿಗಿದಳು, ಹಿಂದೆಯೇ ಸೊಸೆಯೂ.

“ಈಗ ಕುಂದರ್ತೀನಿ ನೋಡವ್ವ,” ಎಂದು ಸಂಕವ್ವ ತೊಟ್ಟಿಯ ಕಟ್ಟೆ ಹತ್ತಿ ಕಾಲು ಇಳಿಬಿಟ್ಟಳು.