ಕೊಟ್ಟಿಗೆಯ ಗೋಡೆ ಹೇಳಿದ್ದು

ಮಾಗಿಯ ಬಿಸಿಲಿಗೆ ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು. ಗಂಡನ ಹೊಡೆತ ತಾಳದೆ ತವರಿಗೆ ಬಂದಿದ್ದ ನಿಂಬವ್ವ ತೊಟ್ಟು ಮುರಿಯುತ್ತ ಹಿತ್ತಲ ಕಡೆಗೇ ಕಿವಿಯಿಟ್ಟಿದ್ದಳು. ವರ್ಷದಿಂದ ತಾನು ಮಲಗುತ್ತಿದ್ದ ಕೊಟ್ಟಿಗೆಯನ್ನು ಕೋಣೆ ಮಾಡಿಕೊಳ್ಳಲು ಪರವಾನಗಿ ಸಿಕ್ಕರೆ ಅವಳಿಗೊಂದು ನೆಲೆ. ಇಲ್ಲವಾದರೆ ಮತ್ತೆ ಆ ಗಂಡನೇ ಗತಿ.

ಗೋಡೆಗಳು ಕೇಳಿಸಿಕೊಂಡದ್ದನ್ನು ಮರೆಯುವುದಿಲ್ಲವಾದ್ದರಿಂದ ಪಂಚಾಯಿತಿಯವರು ಅರ್ಜಿಗಿಂತ ಗೋಡೆಯ ಮಾತನ್ನೇ ನಂಬುತ್ತಿದ್ದರು. ಇದು ಗೊತ್ತಿದ್ದೇ ಅಣ್ಣ ಫಕೀರಪ್ಪ ಅದನ್ನು ಬಾಯಿತಪ್ಪಿಯೂ ಕೊಟ್ಟಿಗೆ ಅಂದಿರಲಿಲ್ಲ. ಕೋಣೆ, ಕೋಣೆ ಎಂದೇ ಕರೆದಿದ್ದ.

ಅಂದು ಫಕೀರಪ್ಪನ ಜೊತೆ ಹಿತ್ತಲಿಗೆ ಬಂದ ಪಂಚಾಯಿತಿಯ ಸಾಹೇಬರು ಕೊಟ್ಟಿಗೆಯ ಗೋಡೆ ತಟ್ಟಿ, "ಒಳಗ ಯಾರ ಅದಾರ?" ಎಂದು ಕೇಳಿದರು.

ಗೋಡೆ ಫಕೀರಪ್ಪನ ದನಿಯಲ್ಲೇ ಹೇಳಿತು: "ಏ ದನಾ, ಬಿಸಲೇರಿದ್ರೂ ಬಿದ್ಕೊಂಡೀಯೇನ? ಎಷ್ಟ ತಿಂತೀ, ದನಾ?"

"ದನಾ ಐತಂದ್ರ ಕೊಟಗೀನ ಆತಲ್ಲೋ. ಮನಷ್ಯಾರು ಇರಾಕ ಬರೂದಿಲ್ಲ."

"ಅದು... ತಂಗೀಗೆ ಸಿಟ್ಟಿಲೆ ಅಂದಿದ್ದರಿ."

"ಗ್ವಾಡಿಗೆ ನಿನ್ನ ಸಿಟ್ಟು ತಿಳೀತೈತೇನಪಾ?"

ನಿಂಬವ್ವ ಖಾರದ ಕೈ ಸೆರಗಿಗೆ ಒರೆಸಿಕೊಂಡು ಎದ್ದುಬಂದಳು. "ದನಾ ಇರಾಕ ಪರವಾನಗಿ ಬೇಕೇನ್ರಿ, ಸಾಹೇಬ್ರ?"

"ಅದಕ್ಯಾಕ ಬೇಕವಾ?"

"ಹಂಗಾದ್ರ ನಾ ಇಲ್ಲೇ ಇರ್ತೀನ್ರಿ," ಎಂದಳು, ಅಣ್ಣನ ಮುಖವನ್ನೇ ನೋಡುತ್ತ.