ಓದಿಸಿದ ಸಕ್ಕರೆ

“ಒಂದು ಮಾತು ಕೇಳಬೇಕಿತ್ರಿ ಡಾಕ್ಟರ್ ಸಾಹೇಬ್ರ. ಕೇಳಿ ಹೋಗಿಬಿಡ್ತೀನಿ.”

ಫಾತಿಮಾ ಬೀ ಕೂರಲಿಲ್ಲ. ಕೂರು ಎಂದು ಯಾರೂ ಹೇಳಿಯೂ ಇರಲಿಲ್ಲ. ಕಾನಹೊಸಹಳ್ಳಿಯಿಂದ ಕೊಟ್ಟೂರಿಗೆ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿದ್ದರೂ ನಿಂತೇ ಬಂದಿದ್ದಳು. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡವರು ಎಲ್ಲಿ ಕೂತಾರು? ಸೊಸೆ ಮುಸರತಳಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವಳು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ಡಾಕ್ಟರ್ ಜಂಬುನಾಥ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. “ನಮ್ಮ ಮ್ಯಾಲ ಕಂಪ್ಲೇಂಟ್ ಕೊಟ್ಟೀರಿ. ನಾಳೆ ವಿಚಾರಣೆಗೆ ಆಫೀಸರು ಬರ್ತಾರ. ಏನಿದ್ರೂ ಅಲ್ಲೇ ಕೇಳ್ರಿ.”

“ಅಲ್ಲಿ ನಾಕು ಮಂದಿ ಮುಂದ ಕೇಳಾಕ ಧೈರ್ಯ ಇಲ್ರಿ. ಅದಕ್ಕ ಇವತ್ತ ಬಂದೀನಿ.”

ಮಗ ಮುಬಶ್ಶಿರ ಹೈವೇ ಪಕ್ಕದಲ್ಲಿ ಲಾರಿ ರಿಪೇರಿ ಮಾಡುವವನು. ಹರ್ನಿಯಾ ಆಪರೇಷನ್ನಿಗೆಂದು ಇದೇ ನರ್ಸಿಂಗ್ ಹೋಮಿನೊಳಗೆ ತಮಾಷೆ ಮಾಡುತ್ತಾ ನಡೆದು ಹೋಗಿದ್ದ. ಈಗ ಹೆಂಡತಿಯ ಗುರುತೂ ಇಲ್ಲ, ಬಾಯಲ್ಲಿ ಮಾತೂ ಇಲ್ಲ. ಮೆದುಳಿಗೆ ಆಕ್ಸಿಜನ್ ಸಿಕ್ಕಿಲ್ಲ ಎಂದು ದಾವಣಗೆರೆಯ ಆಸ್ಪತ್ರೆಯವರು ಹೇಳಿದರು; ಯಾಕೆ ಸಿಗಲಿಲ್ಲ ಎಂದರೆ ಅವರೂ ಮಾತು ನುಂಗಿದರು. ಮುಸರತ ಮಾತ್ರ ಕಣ್ಣಾರೆ ಕಂಡಿದ್ದಳು. ಗಂಡನಿಗೆ ಅರಿವಳಿಕೆ ಕೊಟ್ಟು ಹೊರಗೆ ಬಂದ ಇದೇ ಡಾಕ್ಟರು ಫೋನಿನಲ್ಲಿ ನಗುತ್ತಾ ನಿಂತಿದ್ದರು. ಒಳಗಿನಿಂದ ನರ್ಸು ಓಡಿ ಬಂದು “ಸಿಲಿಂಡರ್ ಖಾಲಿ ಆಗೈತಿ” ಎಂದು ಕೂಗಿದ ಮೇಲೆಯೇ ಅವರು ಓಡಿದ್ದು. ಕಂಪ್ಲೇಂಟಿನಲ್ಲಿ ಅವಳು ಅದನ್ನೇ ಬರೆಸಿದ್ದಳು. ಆದರೆ ಫಾತಿಮಾ ಬೀಯ ಜೀವಕ್ಕೆ ಅಷ್ಟರಿಂದ ಸಮಾಧಾನವಿರಲಿಲ್ಲ.

“ಅವತ್ತು ಹನಿ ನೀರೂ ಕೊಡಬ್ಯಾಡ್ರಿ ಅಂದಿದ್ರಿ. ನಾ ಬೆಳಿಗ್ಗೆ ದರ್ಗಾಕ್ಕ ಹೋಗಿ ಸಕ್ರಿ ಓದಿಸ್ಕೊಂಡು ಬಂದಿದ್ದೆ. ವಾರ್ಡಿನಾಗ, ಬಟ್ಟಿ ಬದಲ್ಸಾಕ ಹೋಗೋ ಮುಂದ ಪೊಟ್ಟಣ ಅವನ ಕೈಯಾಗ ಇಟ್ಟೆ. ಥೇಟರ್ ಬಾಗಲದಾಗ ಕೇಳಿದ್ದಕ್ಕ ‘ತಿಂದೀನಿ ಅಮ್ಮಾ’ ಅಂದ.” ಅವಳು ಮೇಜಿನ ಹತ್ತಿರ ಸರಿದಳು. “ಆ ಸಕ್ರಿಯಿಂದ ಹಿಂಗಾತೇನ್ರಿ ಸಾಹೇಬ್ರ? ನನ್ನ ಕೈಯಾರೆ ಮಗನ್ನ ಹಾಳು ಮಾಡಿದ್ನೇನು?”

ಅವಳ ಮನೆಯಲ್ಲಿ ಮುಲ್ಲಾನ ಕೈಲಿ ಪ್ರಾರ್ಥನೆ ಓದಿಸಿದ ಸಕ್ಕರೆ ಬಾಯಿಗೆ ಹಾಕದೆ ಯಾರೂ ಪರೀಕ್ಷೆಗೆ ಹೋದವರಲ್ಲ, ಹೊಸ ಗಾಡಿ ಹತ್ತಿದವರಲ್ಲ. ಆಪರೇಷನ್ನಿಗೆ ಬರಿಬಾಯಲ್ಲಿ ಹೇಗೆ ಕಳಿಸಿಯಾಳು?

ಡಾಕ್ಟರ ಕೈ ನಿಂತಿತು. ನಿಧಾನಕ್ಕೆ ತಿರುಗಿದರು. ಹೋದ ಜೀವ ಬಂದಂತಿತ್ತು ಮುಖ. ಎದ್ದು ಬಂದು ತಾವೇ ಕುರ್ಚಿ ಎಳೆದು ಕೊಟ್ಟರು.

“ಕೂಡ್ರಿ ಅಮ್ಮ, ಚಾ ತರಸ್ತೀನಿ. ಇದನ್ನ ಮೊದಲ ಹೇಳಬಾರದೇನ್ರಿ? ಹೊಟ್ಯಾಗಿದ್ದದ್ದು ಮ್ಯಾಲ ಬಂದು ಉಸಿರಿಗೆ ಅಡ್ಡ ಆಗಿರತೈತಿ. ಅದಕ್ಕ ನಾವೇನು ಮಾಡಾಕ ಬರ್ತೈತಿ?” ಎನ್ನುತ್ತಲೇ ಫೋನು ತೆಗೆದು ಅವಳ ಮುಖದ ಮುಂದೆ ಹಿಡಿದರು. “ಇನ್ನೊಮ್ಮೆ ಹೇಳ್ರಿ, ಸಾವಕಾಶ. ನಿಮ್ಮ ಮನಸೂ ಹಗುರ ಆಗ್ತೈತಿ.”

ಫಾತಿಮಾ ಬೀ ಅಳುತ್ತಾ ಇನ್ನೊಮ್ಮೆ ಹೇಳಿದಳು. ಚಾ ಬರಲೇ ಇಲ್ಲ.

ಮನೆಗೆ ಬಂದರೆ ಮುಸರತ ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲ ಇಳಿಸಿದ್ದಳು. ಆಪರೇಷನ್ನಿನ ದಿನ ಮುಬಶ್ಶಿರ ಬಿಚ್ಚಿಟ್ಟ ಬಟ್ಟೆ ಅದರಲ್ಲಿತ್ತು. ಅದನ್ನು ಮುಟ್ಟುವ ಧೈರ್ಯ ಇಷ್ಟು ದಿನ ಯಾರಿಗೂ ಬಂದಿರಲಿಲ್ಲ.

“ನಾಳೆ ಇದ ಅಂಗಿ ಹಾಕಿ ಕರ್ಕೊಂಡು ಹೋಗೋಣ. ಹೆಂಗಿದ್ದಾವ ಹೆಂಗಾಗ್ಯಾನ ಅಂತ ಆಫೀಸರು ನೋಡ್ಲಿ,” ಎಂದು ಅಂಗಿ ಕೊಡವಿದವಳು ಅರ್ಧಕ್ಕೆ ನಿಲ್ಲಿಸಿದಳು. “ಅಮ್ಮಾ, ಜೇಬಿನಾಗ ಏನೋ ಐತಿ ನೋಡ್ರಿ.”

ಹಳೇ ಪೇಪರಿನ ಪೊಟ್ಟಣ. ಸುತ್ತ ಹಸಿರು ದಾರ, ದಾರಕ್ಕೆ ಫಾತಿಮಾ ಬೀ ತಾನೇ ಬಿಗಿದ ಗಂಟು. ಒಳಗೆ ಸಕ್ಕರೆ ಗಟ್ಟಿಯಾಗಿ ಹರಳುಗಟ್ಟಿದ್ದು ಹೊರಗಿನಿಂದಲೇ ಬೆರಳಿಗೆ ತಿಳಿಯುತ್ತಿತ್ತು. ಬೆಳಗಿನಿಂದ ಎಲ್ಲಿಯೂ ಕೂರದವಳು ನೆಲಕ್ಕೆ ಕುಸಿದಳು.

“ತಿಂದೇ ಇಲ್ಲ... ನನ್ನ ಸಮಾಧಾನಕ್ಕ ಸುಳ್ಳು ಹೇಳ್ಯಾನ!” ನಗುವೋ ಅಳುವೋ ತಿಳಿಯದಂತೆ ಪೊಟ್ಟಣವನ್ನು ಕಣ್ಣಿಗೆ ಒತ್ತಿಕೊಂಡಳು. ಮರುಕ್ಷಣ ಮುಖ ಬಿಳಿಚಿತು. “ಮುಸರತ, ಫೋನಿನಾಗ ಹೇಳಿದ್ದನ್ನ ತಿರುಗಿ ಇಸ್ಕೊಳ್ಳಾಕ ಬರ್ತೈತೇನ?”

“ಯಾರಿಗೆ ಏನು ಹೇಳಿ ಬಂದ್ರಿ?”

ಫಾತಿಮಾ ಬೀ ಹೇಳಿದಳು. ಮುಸರತ ಬೈಯಲಿಲ್ಲ. ಪೊಟ್ಟಣವನ್ನು ತಿರುಗಿಸಿ ಗಂಟು ನೋಡಿದಳು.

“ಗಂಟು ಬಿಚ್ಚಬ್ಯಾಡ್ರಿ. ಹಂಗ ಆಫೀಸರ ಮುಂದ ಇಡೋಣ. ತಿಂದಿಲ್ಲ ಅನ್ನಾಕ ಇನ್ನೇನು ಬೇಕು?”

ಗೋಡೆ ನೋಡುತ್ತಾ ಕುಳಿತಿದ್ದ ಮುಬಶ್ಶಿರ ತಲೆ ತಿರುಗಿಸಿದ. ತಾಯಿಯ ಅಂಗೈಯಲ್ಲಿದ್ದ ಪೊಟ್ಟಣದ ಮೇಲೆ ಅವನ ಕಣ್ಣು ನಿಂತಿತು. ತುಟಿಗಳು ಅಲುಗಿದವು. ಮುಸರತ ಅವನತ್ತ ಬಾಗಿದಳು. ಆ ಬಾಯಿಂದ ಒಂದೇ ಒಂದು ಮಾತು ಬರಲಿ ಎಂದು ಅವಳು ಹೊರದ ಹರಕೆಯಿಲ್ಲ.

“ತಿಂದೀನಿ ಅಮ್ಮಾ,” ಎಂದ ಮುಬಶ್ಶಿರ.

ಸ್ಪಷ್ಟವಾಗಿ, ಅಂದಿನಂತೆಯೇ ನಗುತ್ತಾ. ಇನ್ನೊಮ್ಮೆಯೂ ಅಂದ.

ಮುಸರತ ದಡಬಡಿಸಿ ಎದ್ದು ಬೀದಿಬಾಗಿಲು ಹಾಕಿ ಬಂದಳು. ಬಂದು, ಗಂಡನ ಬಾಯಿಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದಳು.